ಭಾಷಣಕಾರರನ್ನು ಸಾಗಿಸಿದ ಹಾಲೇಶ

ಒಂದು ಪೇಟೆ ಊರು. ಹೆಸರು ಹೇಳಿದರೆ ಅಲ್ಲಿಯ ವರ್ತಕರು ಜಗಳಕ್ಕೆ ಬರುತ್ತಾರೆ, ಬೇಡ ಬಿಡಿ. ಆ ಊರಿನಲ್ಲಿ ಕೊಟ್ರಮ್ಮ ಅಂತ ಒಬ್ಬಳು, ಅವಳಿಗೆ ಹಾಲೇಶ ಅಂತ ಒಬ್ಬ ಮಗ. ಮಗ ಕೆಟ್ಟವನಲ್ಲ. ಕುಡಿಯುವುದಿಲ್ಲ, ಸೇದುವುದಿಲ್ಲ, ಎದುರು ಮಾತಾಡುವುದಿಲ್ಲ. ಹೇಳಿದ್ದನ್ನು ಹೇಳಿದ ಹಾಗೆ ಮಾಡುತ್ತಾನೆ. ಅದೇ ತೊಂದರೆ.

ಕೊಟ್ರಮ್ಮನ ಗಂಡ ಇದ್ದಾಗ ಶಾಮಿಯಾನ, ಕುರ್ಚಿ, ಮೈಕು ಬಾಡಿಗೆಗೆ ಕೊಡುತ್ತಿದ್ದ. ಅವನು ಹೋದ ಮೇಲೆ ಕೊಟ್ರಮ್ಮ ಒಂದು ವಿಷಯ ಕಂಡುಕೊಂಡಳು. ವರ್ತಕರಿಗೆ ವರ್ಷಕ್ಕೊಂದು ಸಲ ದೇಶದ ಆರ್ಥಿಕತೆ ಎತ್ತ ಹೋಗುತ್ತಿದೆ ಎಂದು ಕೇಳುವ ಹುಕಿ ಬರುತ್ತದೆ. ವಾರ್ಷಿಕ ಸಭೆಯಲ್ಲಿ, ಊಟಕ್ಕೆ ಮುಂಚೆ, ಕೋಟು ಹಾಕಿದ ಒಬ್ಬರು ಬಂದು ಅದನ್ನು ಹೇಳಬೇಕು. ಒಂದು ವರ್ಷ ಅರ್ಥಶಾಸ್ತ್ರಜ್ಞರು, ಒಂದು ವರ್ಷ ಲೇಖಕರು. ಅರ್ಥಶಾಸ್ತ್ರಜ್ಞರು ಬಂದರೆ ಭಯವಾಗುತ್ತದೆ, ಲೇಖಕರು ಬಂದರೆ ಧೈರ್ಯ ಬರುತ್ತದೆ, ಊಟ ಎರಡೂ ವರ್ಷ ಒಂದೇ. ಇಂಥವರನ್ನು ಗೊತ್ತು ಮಾಡಿ, ಕರೆಸಿ, ಮಾತಾಡಿಸಿ, ವಾಪಸು ಕಳಿಸಿಕೊಡುವುದು ಕೊಟ್ರಮ್ಮನ ಕಸುಬು. ಐದು ವರ್ತಕ ಸಂಘಗಳು ಅವಳನ್ನೇ ನೆಚ್ಚಿಕೊಂಡಿದ್ದವು. ಅವಳು ಆ ಐದನ್ನೇ ನೆಚ್ಚಿಕೊಂಡಿದ್ದಳು.

ಅಷ್ಟರಲ್ಲಿ ಅವಳ ಮಂಡಿ ಹೋಯಿತು. ಕೂತಲ್ಲಿಂದ ಫೋನು ಮಾಡಬಲ್ಲಳು, ಎದ್ದು ಓಡಾಡಲಾರಳು.

"ಲೇ ಹಾಲೇಶ, ಇನ್ಮೇಲೆ ಓಡಾಟ ನಿಂದು," ಅಂದಳು. "ಈ ಕಸುಬು ನಿನ್ನ ಕೈಗೆ ಹತ್ತಿದ್ರೆ ನಾನು ಹೋದ ಮೇಲೂ ನಿನಗೆ ಅನ್ನ. ಹತ್ತಲಿಲ್ಲ ಅಂದ್ರೆ ಈಗ್ಲೇ ಇಬ್ಬರಿಗೂ ಇಲ್ಲ. ತಿಳೀತಾ?"

"ತಿಳೀತವ್ವಾ!"

ತಿಳಿದಿರಲಿಲ್ಲ. ಆದರೆ ಹಾಗೆ ಅಂದರೆ ಅವ್ವನಿಗೆ ಸಮಾಧಾನ ಎಂದು ಅವನಿಗೆ ಗೊತ್ತಿತ್ತು.

ಮೊದಲು ಬಂದದ್ದು ಬೆಲ್ಲದ ವರ್ತಕರ ಸಭೆ. ಕೊಟ್ರಮ್ಮ ಅರ್ಥಶಾಸ್ತ್ರಜ್ಞ ಡಾಕ್ಟರ್ ವಾದಿರಾಜರನ್ನು ಗೊತ್ತು ಮಾಡಿದಳು.

"ಸ್ಟೇಷನ್ನಿಗೆ ಹೋಗು, ಅವರನ್ನ ಓಮ್ನಿಯಲ್ಲಿ ಕೂರಿಸ್ಕೊಂಡು ಸಮುದಾಯ ಭವನಕ್ಕೆ ಬಾ. ದೊಡ್ಡ ಮನುಷ್ಯರು. ಏನು ಹೇಳಿದ್ರೂ ಹೂಂ ಅನ್ನು. ಅವರು ಹೇಳಿದಂಗೆ ಮಾಡು."

"ಹೂಂ ಅವ್ವಾ!"

ಹೋದ. ಕೂರಿಸಿಕೊಂಡ. ಹೊರಟ. ಸರ್ಕಲ್ ಬಂತು. ಹುಟ್ಟಿದಾಗಿನಿಂದ ನೋಡಿದ ಸರ್ಕಲ್ಲು. ಆದರೆ ದೊಡ್ಡವರು ಹೇಳಿದ ಹಾಗೆ ಮಾಡಬೇಕಲ್ಲ?

"ಎಡಕ್ಕಾ ಬಲಕ್ಕಾ ಸಾರ್?"

ವಾದಿರಾಜರು ಕನ್ನಡಕ ಸರಿಮಾಡಿಕೊಂಡರು. "ನೋಡಪ್ಪ, ಒಂದು ಕಡೆಯಿಂದ ನೋಡಿದರೆ ಎಡಗಡೆ ರಸ್ತೆ ಒಳ್ಳೆಯದು. ಇನ್ನೊಂದು ಕಡೆಯಿಂದ ನೋಡಿದರೆ ಬಲಗಡೆ ರಸ್ತೆಯನ್ನೂ ನಾವು ತಳ್ಳಿಹಾಕುವ ಹಾಗಿಲ್ಲ."

"ಹೂಂ ಸಾರ್!"

ಹಾಲೇಶ ಎಡಗಡೆ ರಸ್ತೆಯನ್ನು ಕೊನೆಯವರೆಗೆ ನೋಡಿಬಂದ. ಮತ್ತೆ ಸರ್ಕಲ್ಲಿಗೆ ಬಂದು ಬಲಗಡೆ ರಸ್ತೆಯನ್ನು ಕೊನೆಯವರೆಗೆ ನೋಡಿದ. ಮುಂದಿನ ಸರ್ಕಲ್ಲು ಬಂತು. ಮತ್ತೆ ಕೇಳಿದ. ವಾದಿರಾಜರು ಮತ್ತೆ ಹೇಳಿದರು. ಅವರಿಗೆ ಬೇಸರವೇ ಆಗಲಿಲ್ಲ. ಇಷ್ಟು ಶ್ರದ್ಧೆಯಿಂದ ತಮ್ಮ ಎರಡೂ ಕಡೆಯನ್ನು ಕೇಳಿದವರನ್ನು ಅವರು ವಿಶ್ವವಿದ್ಯಾಲಯದಲ್ಲೂ ಕಂಡಿರಲಿಲ್ಲ.

ಭವನ ಮುಟ್ಟುವ ಹೊತ್ತಿಗೆ ವಂದನಾರ್ಪಣೆ ಮುಗಿದು ಬೆಲ್ಲದ ವರ್ತಕರು ಕೈ ತೊಳೆಯುತ್ತಿದ್ದರು.

ಬೆಲ್ಲದವರು ಕೊಟ್ರಮ್ಮನಿಗೆ ಫೋನು ಮಾಡಿ ಮುಂದಿನ ವರ್ಷ ಬೇಡ ಅಂದರು.

"ಅಯ್ಯೋ ನನ್ನ ಕರ್ಮವೇ! ಅರ್ಧ ಮೈಲಿ ಭವನಕ್ಕೆ ಅರ್ಧ ದಿನ ಮಾಡಿದೀಯಲ್ಲೋ!"

"ಅವರು ಹೇಳಿದಂಗೆ ಮಾಡು ಅಂತ ನೀನೇ ಹೇಳಿದ್ದಲ್ಲವ್ವಾ?"

"ದಾರೀಲಿ ಯಾರನ್ನೂ ಏನೂ ಕೇಳಬೇಡ! ಭಾಷಣಕಾರ ಕೈಗೆ ಸಿಕ್ಕಿದನಾ, ಸೀದಾ ಭವನ, ಸೀದಾ ವೇದಿಕೆ, ಕುರ್ಚಿ ಮೇಲೆ ಕೂರಿಸು, ಮುಂದೆ ಮೈಕ್ ಇಡು. ಆಮೇಲೆ ಮಿಕ್ಕಿದ್ದು!"

"ಹೂಂ ಅವ್ವಾ! ಇನ್ಮೇಲೆ ಹಂಗೇ ಮಾಡ್ತೀನಿ!"

ಎರಡನೆಯದು ಪಾತ್ರೆ ವರ್ತಕರ ಸಭೆ. ಈ ಸಲ ಲೇಖಕರು, ಸುಕುಮಾರ ಕೆರೂಡಿ ಅಂತ. ಯಶಸ್ಸಿನ ಬಗ್ಗೆ ಏಳು ಪುಸ್ತಕ ಬರೆದಿದ್ದರು. ಏಳೂ ಒಂದೇ ಪುಸ್ತಕ, ಏಳೂ ಖರ್ಚಾಗಿದ್ದವು. ಸಭೆ ಬೆಳಿಗ್ಗೆ. ಲೇಖಕರು ಹಿಂದಿನ ಸಂಜೆಯೇ ಬಂದಿಳಿದರು.

"ಲಾಡ್ಜಿಗೆ ನಡಿಯಪ್ಪ, ಸ್ನಾನ ಮಾಡಬೇಕು," ಅಂದರು.

ಹಾಲೇಶ ಕಿವಿಗೆ ಹಾಕಿಕೊಳ್ಳಲಿಲ್ಲ. ದಾರಿಯಲ್ಲಿ ಏನೂ ಕೇಳಬೇಡ ಅಂತ ಅವ್ವ ಹೇಳಿದ್ದಾಳೆ. ಸೀದಾ ಭವನ. ಸೀದಾ ವೇದಿಕೆ.

ವೇದಿಕೆ ಮೇಲೆ ನಿಶ್ಚಿತಾರ್ಥ ನಡೆಯುತ್ತಿತ್ತು. ಗಂಡು ಒಂದು ಕುರ್ಚಿ, ಹೆಣ್ಣು ಒಂದು ಕುರ್ಚಿ. ಹಾಲೇಶ ನಡುವೆ ಮೂರನೆಯ ಕುರ್ಚಿ ಹಾಕಿ ಲೇಖಕರನ್ನು ಕೂರಿಸಿದ, ವಾಲಗದವರ ಮೈಕ್ ಕಿತ್ತುಕೊಂಡು ಬಂದು ಮುಂದೆ ಇಟ್ಟ. ಹೆಣ್ಣಿನ ಕಡೆಯವರು ಇವರು ಗಂಡಿನ ಕಡೆಯ ಹಿರಿಯರು ಅಂದುಕೊಂಡರು. ಗಂಡಿನ ಕಡೆಯವರು ಇವರು ಹೆಣ್ಣಿನ ಕಡೆಯ ಹಿರಿಯರು ಅಂದುಕೊಂಡರು. ಇಬ್ಬರೂ ನಮಸ್ಕಾರ ಮಾಡಿದರು.

ಮುಂದೆ ಮೈಕು ಕಂಡರೆ ಕೆರೂಡಿಯವರಿಗೆ ಸ್ನಾನ ನೆನಪಿರುವುದಿಲ್ಲ. ಕಣ್ಣು ಮುಚ್ಚಿಕೊಂಡು ಶುರು ಮಾಡಿಯೇಬಿಟ್ಟರು.

"ಮಿತ್ರರೇ! ಮೊದಲು ಬಂದ ಒಪ್ಪಂದಕ್ಕೆ ತಲೆ ಆಡಿಸುವವನು ಗೆಲ್ಲುವುದಿಲ್ಲ! ಎದುರಿಗಿರುವ ಮಾಲನ್ನು ಚೆನ್ನಾಗಿ ನೋಡಿ! ಪೇಟೆಯಲ್ಲಿ ಇದಕ್ಕಿಂತ ಒಳ್ಳೆಯದು ಇದ್ದೇ ಇರುತ್ತದೆ! ಎದ್ದು ನಿಲ್ಲಿ! ನನ್ನ ಜೊತೆ ಗಟ್ಟಿಯಾಗಿ ಹೇಳಿ, ಇನ್ನೂ ನೋಡೋಣ!"

ಗಂಡು ಎದ್ದು ನಿಂತ.

"ಇನ್ನೂ ನೋಡೋಣ," ಅಂದ.

ಆಮೇಲೆ ನಡೆದದ್ದನ್ನು ವಿವರವಾಗಿ ಹೇಳುವುದು ಬೇಡ. ಮರುದಿನ ಬೆಳಿಗ್ಗೆ ಕೆರೂಡಿಯವರು ಒಂದು ಕೆನ್ನೆ ಊದಿಸಿಕೊಂಡು ಪಾತ್ರೆ ವರ್ತಕರ ಮುಂದೆ ನಿಂತರು. ವಿಷಯ, ಜನರ ಮನಸ್ಸು ಗೆಲ್ಲುವುದು ಹೇಗೆ. ಊದಿದ ಬಾಯಲ್ಲಿ ಒಂದು ಅಕ್ಷರವೂ ಸರಿಯಾಗಿ ಹೊರಗೆ ಬರಲಿಲ್ಲ. ಪಾತ್ರೆಯವರೂ ಕೈಬಿಟ್ಟರು.

"ಅಯ್ಯೋ ನನ್ನ ಕರ್ಮವೇ! ಆಗೋ ಮದುವೆ ಮುರಿದು ಬಂದಿದೀಯಲ್ಲೋ ಪೆದ್ದ ಮುಂಡೇದೇ!"

"ಸೀದಾ ವೇದಿಕೆ, ಮುಂದೆ ಮೈಕು ಅಂತ ನೀನೇ ಹೇಳಿದ್ದಲ್ಲವ್ವಾ?"

"ಎದುರಿಗೆ ಯಾರು ಕೂತಿದಾರೆ ನೋಡಬಾರದೇನೋ? ನಮ್ಮ ಸಂಘದವರು ಬಂದು ಹಾಲ್ ಪೂರ್ತಿ ತುಂಬಬೇಕು. ಅಲ್ಲಿತನಕ ಭಾಷಣಕಾರನ್ನ ವೇದಿಕೆ ಹಿಂದಿನ ಕೋಣೇಲಿ ಕೂರಿಸಿ ಬಾಗಿಲು ಹಾಕು. ತುಂಬಿದ ಮೇಲೆ ತೆಗಿ!"

"ಹೂಂ ಅವ್ವಾ! ಇನ್ಮೇಲೆ ಹಂಗೇ ಮಾಡ್ತೀನಿ!"

ಮೂರನೆಯದು ಜವಳಿ ವರ್ತಕರದು. ಮತ್ತೆ ವಾದಿರಾಜರೇ ಬಂದರು. ಹೋದ ಸಲದ್ದು ನೆನಪಿರಲಿಲ್ಲವೇ? ಇತ್ತು. ಆದರೆ ಸಂಭಾವನೆ ಮುಂಗಡವಾಗಿ ಬಂದಿತ್ತು.

ಹಾಲೇಶ ಅವರನ್ನು ಕೋಣೆಗೆ ಬಿಟ್ಟು ಹೊರಗಿನಿಂದ ಚಿಲಕ ಹಾಕಿ ಬಾಗಿಲ ಮುಂದೆ ಕೂತ. ಪ್ರಾರ್ಥನೆ ಆಯಿತು, ದೀಪ ಬೆಳಗಿಸಿದ್ದಾಯಿತು, ಸ್ವಾಗತವೂ ಆಯಿತು. ಜವಳಿಯವರ ಅಧ್ಯಕ್ಷರು ವಾರದಿಂದ ಬಾಯಿಪಾಠ ಮಾಡಿದ ಪರಿಚಯ ಭಾಷಣವನ್ನು ಒಪ್ಪಿಸಿ, "ಈಗ ಡಾಕ್ಟರ್ ವಾದಿರಾಜರು ವೇದಿಕೆಗೆ ಬರಬೇಕು," ಅಂದರು. ಚಪ್ಪಾಳೆ. ಯಾರೂ ಬರಲಿಲ್ಲ. ಇನ್ನೊಂದು ಸಲ ಅಂದರು. ಇನ್ನೊಂದು ಸಲ ಚಪ್ಪಾಳೆ. ಬರಲಿಲ್ಲ. ಅಧ್ಯಕ್ಷರು ಇಳಿದು ಓಡಿಬಂದರು.

"ಬಾಗಿಲು ತೆಗಿಯೋ!"

"ಹಾಲ್ ತುಂಬಿಲ್ಲ ಅಧ್ಯಕ್ಷರೇ. ಹಿಂದಿನ ಸಾಲೆಲ್ಲ ಖಾಲಿ."

"ಯಾವ ವರ್ಷ ತುಂಬಿತ್ತೋ! ಮನೆಯವರ ಕೈಲಿ ಅಂಗಡಿ ಬಿಟ್ಟು ಬರೋರು ಇಷ್ಟೇ ಜನ!"

"ಹಂಗಾದ್ರೆ ಇನ್ನೂ ಬರ್ತಾರೆ, ಕಾಯೋಣ ಬಿಡ್ರಿ."

ಒಳಗಿನಿಂದ ವಾದಿರಾಜರು ಬಾಗಿಲು ಬಡಿದರು. "ಏನಪ್ಪಾ, ಶುರು ಆಯಿತಾ?"

ಹಾಲೇಶ ಯೋಚಿಸಿದ. ಈ ಮನುಷ್ಯರಿಗೆ ಅರ್ಥವಾಗುವ ಹಾಗೆ ಹೇಳಬೇಕು. "ಒಂದು ಕಡೆಯಿಂದ ನೋಡಿದ್ರೆ ಶುರು ಆಗಿದೆ ಸಾರ್. ಇನ್ನೊಂದು ಕಡೆಯಿಂದ ನೋಡಿದ್ರೆ ಇಲ್ಲ."

ವಾದಿರಾಜರು ಒಪ್ಪಿಕೊಂಡು ಮತ್ತೆ ಕುರ್ಚಿಗೆ ಹೋಗಿ ಕೂತರು. ಆ ಮಾತು ಅವರದೇ ಆಗಿತ್ತು.

ಭಾಷಣವಿಲ್ಲದೆ ಸಭೆ ಮುಗಿಯಿತು. ಜವಳಿ ವರ್ತಕರು ಊಟ ಮಾಡುತ್ತ, ಇಷ್ಟು ಒಳ್ಳೆಯ ವಾರ್ಷಿಕ ಸಭೆ ಹಿಂದೆಂದೂ ಆಗಿರಲಿಲ್ಲ ಅಂದರು. ಆದರೆ ಅಧ್ಯಕ್ಷರ ಬಾಯಿಪಾಠ ವ್ಯರ್ಥವಾಗಿತ್ತು. ಅವರು ಕೊಟ್ರಮ್ಮನ ಹೆಸರು ಹೊಡೆದುಹಾಕಿದರು.

"ಅಯ್ಯೋ ನನ್ನ ಕರ್ಮವೇ! ಅಧ್ಯಕ್ಷರೇ ಬಂದು ಹೇಳಿದ್ರೂ ತೆಗೀಲಿಲ್ವಲ್ಲೋ!"

"ತುಂಬಿದ ಮೇಲೆ ತೆಗಿ ಅಂತ ನೀನೇ ಹೇಳಿದ್ದಲ್ಲವ್ವಾ?"

"ಲೇ, ಆವತ್ತಿನ ಮಟ್ಟಿಗೆ ಅಧ್ಯಕ್ಷರೇ ನಿನಗೆ ದೇವರು! ಅವರ ಬಾಯಿಂದ ಏನು ಬರುತ್ತೋ ಅದು ನಡೀಬೇಕು. ನಾನು ಹೇಳಿದ್ದನ್ನೂ ಬಿಡು, ಅವರು ಹೇಳಿದ್ದು ಮಾಡು!"

"ಹೂಂ ಅವ್ವಾ! ಇನ್ಮೇಲೆ ಹಂಗೇ ಮಾಡ್ತೀನಿ!"

ಅಂದ, ಆದರೆ ಆ ರಾತ್ರಿ ಅವನಿಗೆ ಊಟ ಸೇರಲಿಲ್ಲ. ಅವರು ಹೇಳಿದಂಗೆ ಮಾಡು ಅಂದಳು, ಮಾಡಿದೆ. ಕೇಳಬೇಡ ಅಂದಳು, ಕೇಳಲಿಲ್ಲ. ಕೂರಿಸು ಅಂದಳು, ಕೂರಿಸಿದೆ. ಬಾಗಿಲು ಹಾಕು ಅಂದಳು, ಹಾಕಿದೆ. ಯಾವುದನ್ನು ತಪ್ಪಿದೆ? ಎಷ್ಟು ಯೋಚಿಸಿದರೂ ತಪ್ಪು ಸಿಗಲಿಲ್ಲ. ಅವ್ವನ ಮುಖ ಮಾತ್ರ ದಿನದಿನಕ್ಕೆ ಸಣ್ಣದಾಗುತ್ತಿತ್ತು.

ನಾಲ್ಕನೆಯದು ಕಬ್ಬಿಣ ಸಿಮೆಂಟಿನ ವರ್ತಕರ ಸಭೆ. ಕೆನ್ನೆ ಇಳಿದಿದ್ದ ಕೆರೂಡಿಯವರು ಬಂದರು. ಹಾಲೇಶ ಅಧ್ಯಕ್ಷರ ಬಾಯನ್ನೇ ನೋಡುತ್ತ ನಿಂತ. ಅಧ್ಯಕ್ಷರು ಮೈಕ್ ಹಿಡಿದು, ಎಲ್ಲ ಅಧ್ಯಕ್ಷರೂ ಹೇಳುವುದನ್ನೇ ಹೇಳಿದರು.

"ಇಂಥವರ ಮಾತು ಎಷ್ಟು ಕೇಳಿದರೂ ಸಾಲದು! ಇವತ್ತು ಇವರನ್ನು ಅಷ್ಟು ಸುಲಭವಾಗಿ ವೇದಿಕೆಯಿಂದ ಇಳಿಯೋಕೆ ಬಿಡೋದಿಲ್ಲ!"

ಹಾಲೇಶ ಹೋಗಿ ವೇದಿಕೆಯ ಮೆಟ್ಟಿಲ ಮೇಲೆ ನಿಂತ.

ಲೇಖಕರು ಮಾತಾಡಿದರು. ಚಪ್ಪಾಳೆ ಬಿತ್ತು. ಇಳಿಯಲು ಬಂದರು. ಹಾಲೇಶ ಎರಡೂ ಕೈ ಅಗಲಿಸಿದ.

"ಸಾಲದು ಸಾರ್."

"ಅಷ್ಟು ಚೆನ್ನಾಗಿತ್ತಾ?" ಅಂದರು ಲೇಖಕರು, ಮುಖ ಅರಳಿಸಿ. ವಾಪಸು ಹೋಗಿ ಎರಡನೆಯ ಪುಸ್ತಕದಲ್ಲಿದ್ದದ್ದನ್ನು ಹೇಳಿದರು. ಮತ್ತೆ ಬಂದರು.

"ಸಾಲದು ಸಾರ್."

ಮೂರನೆಯದನ್ನು ಹೇಳಿದರು, ನಾಲ್ಕನೆಯದನ್ನು ಹೇಳಿದರು. ಏಳೂ ಮುಗಿದವು. ತಾವು ಹುಡುಗರಾಗಿದ್ದಾಗ ಕೆರೆಗೆ ಬಿದ್ದದ್ದನ್ನು ಹೇಳಿದರು. ಯಾರು ಎತ್ತಿದರು ಎಂದು ಹೇಳಿದರು. ವರ್ತಕರು ಒಬ್ಬೊಬ್ಬರಾಗಿ ಎದ್ದು ಊಟಕ್ಕೆ ಹೋದರು. ಅಧ್ಯಕ್ಷರೂ ಹೋದರು.

"ಅಪ್ಪಾ, ಕಾಲಿಗೆ ಬೀಳ್ತೀನಿ, ಬಿಡೋ. ನನ್ನ ರೈಲು ಹೋಗುತ್ತೆ!"

"ಅಧ್ಯಕ್ಷರು ಬಿಡಲ್ಲ ಅಂದಿದಾರೆ ಸಾರ್. ಅವರು ಬಂದು ಬಿಡು ಅಂದ್ರೆ ಬಿಡ್ತೀನಿ."

ಅಧ್ಯಕ್ಷರು ಮೊಸರನ್ನಕ್ಕೆ ಬಂದಿದ್ದರು, ಏಳುವ ಹಾಗಿರಲಿಲ್ಲ. ಕೊನೆಗೆ ಕೆರೂಡಿಯವರು ಹಿಂದಕ್ಕೆ ತಿರುಗಿ, ವೇದಿಕೆಯ ಹಿಂಭಾಗದಲ್ಲಿ ಕಟ್ಟಿದ್ದ ಬ್ಯಾನರಿನ ಮೇಲೆ ಬಿದ್ದು, ಅದರಲ್ಲಿ ನಗುತ್ತಿದ್ದ ತಮ್ಮದೇ ಮುಖ ಹರಿದುಕೊಂಡು ಆಚೆಗೆ ಹಾರಿದರು. ರೈಲು ಹೋಗಿತ್ತು. ಊಟವೂ ಮುಗಿದಿತ್ತು. ಇನ್ನು ಈ ಊರಿನ ಕಡೆ ತಲೆ ಹಾಕಿಯೂ ಮಲಗುವುದಿಲ್ಲ ಎಂದು ಆಣೆ ಮಾಡಿ ಹೋದರು. ಹರಿದ ಬ್ಯಾನರು ನೋಡಿ ಕಬ್ಬಿಣ ಸಿಮೆಂಟಿನವರೂ ಕೊಟ್ರಮ್ಮನನ್ನು ಬಿಟ್ಟರು.

ಈ ಸಲ ಕೊಟ್ರಮ್ಮ ಬೈಯಲೇ ಇಲ್ಲ. ಗೋಡೆಗೆ ಒರಗಿ ಕೂತಳು. ಅದನ್ನು ನೋಡಿ ಹಾಲೇಶನಿಗೆ ಹೆದರಿಕೆಯಾಯಿತು.

"ಬೈಯವ್ವಾ," ಅಂದ.

"ಏನಂತ ಬೈಲೋ ಮಗನೇ? ನಾಲ್ಕು ಸಂಘ ಹೋದವು. ಇನ್ನು ಕಾಳುಕಡ್ಡಿ ವರ್ತಕರು ಒಬ್ಬರೇ. ಅಧ್ಯಕ್ಷರು ರುದ್ರಮುನಿಯಪ್ಪನೋರು ಏನಂದರು ಗೊತ್ತಾ? 'ಕೊಟ್ರಮ್ಮಾ, ನಿನ್ನ ಯಜಮಾನರ ಮುಖ ನೋಡಿ ಇದೊಂದು ಸಲ ಕೊಡ್ತೀನಿ. ಸರಿಯಾಗಿ ನಡೆದ್ರೆ ಮುಂದಿನ ಮೂರು ವರ್ಷದ ಒಪ್ಪಂದಕ್ಕೆ ಅವತ್ತೇ ಸಹಿ ಹಾಕಿ ಕೊಡ್ತೀನಿ. ಕೆಟ್ಟರೆ ಬೆಂಗಳೂರಿನೋರು ಕಾಯ್ತಾ ಕೂತಿದಾರೆ, ಅವತ್ತೇ ಅವರಿಗೆ.' ಇದು ಹೋದ್ರೆ ಓಮ್ನಿ ಮಾರಬೇಕು. ಆಮೇಲೆ ನೀನು ಏನು ಮಾಡ್ತೀಯೋ?"

ಹಾಲೇಶನಿಗೆ ಅದು ತಿಳಿಯಲಿಲ್ಲ. ಅವ್ವನ ಕಣ್ಣಲ್ಲಿ ನೀರು ಬಂದದ್ದು ತಿಳಿಯಿತು.

"ಏನು ಮಾಡಬೇಕು ಅಂತ ಹೇಳು. ಒಂದಕ್ಷರ ಬಿಡದೆ ಮಾಡ್ತೀನಿ."

ಕೊಟ್ರಮ್ಮ ಕಣ್ಣೊರೆಸಿಕೊಂಡಳು. ಇನ್ನು ಏನೂ ಬಿಟ್ಟುಹೋಗಬಾರದು ಎಂದು, ಮೊದಲಿನಿಂದ ಕೊನೆಯವರೆಗೆ, ನಿಧಾನವಾಗಿ ಹೇಳಿದಳು.

"ವೇದಿಕೆ ಮೇಲೆ ಅಧ್ಯಕ್ಷರು ಹೊಗಳೋ ಮಾತು ಕಿವಿಗೆ ಹಾಕ್ಕೋಬೇಡ, ಅದೆಲ್ಲ ಮರ್ಯಾದೆಗೆ. ಮುಂದಿನ ಸಾಲು ನೋಡ್ತಾ ಇರು. ಮುಂದಿನ ಸಾಲಿನಲ್ಲಿ ಒಬ್ಬರು ಕಣ್ಣು ಮುಚ್ಚಿದ್ರು ಅಂದ್ರೆ ಭಾಷಣ ಮುಗೀತು ಅಂತ ಅರ್ಥ. ತಕ್ಷಣ ಹೋಗಿ ಶಾಲು ಹೊದಿಸು, ಹಾರ ಹಾಕು, ಹಣ್ಣಿನ ಬುಟ್ಟಿ ಕೈಗೆ ಕೊಡು. ಶಾಲು ಬಿತ್ತು ಅಂದ್ರೆ ಮುಗೀತು, ಎಂಥವರೂ ನಿಲ್ಲಿಸ್ತಾರೆ. ಕೈ ಹಿಡಿದು ಇಳಿಸು, ಓಮ್ನಿಯಲ್ಲಿ ಕೂರಿಸು, ಸ್ಟೇಷನ್ನಿಗೆ ಹೋಗು, ರೈಲು ಹತ್ತಿಸು, ಕಿಟಕಿ ಪಕ್ಕ ಸೀಟು ಹಿಡಿದು ಕೊಡು, ಗಾಡಿ ಹೊರಡೋವರೆಗೂ ಅಲ್ಲೇ ನಿಲ್ಲು. 'ಇನ್ನೊಂದೇ ಮಾತು' ಅಂತಾರೆ. ಎಲ್ಲರೂ ಅಂತಾರೆ. ಕೇಳಬೇಡ!"

"ಯಾರು ಅಂದ್ರೂ ಕೇಳಬಾರದಾ?"

"ಯಾರು ಅಂದ್ರೂ!"

"ಹೂಂ ಅವ್ವಾ! ಹಂಗೇ ಮಾಡ್ತೀನಿ!"

ಸಭೆಯ ದಿನ ಬಂತು. ಕಾಳುಕಡ್ಡಿ ವರ್ತಕರೆಲ್ಲ ಬಂದರು. ಕೊಟ್ರಮ್ಮ ಮನೆಯಲ್ಲಿ ಕೂರಲಾರದೆ, ಮಂಡಿಗೆ ಪಟ್ಟಿ ಸುತ್ತಿಕೊಂಡು ಬಂದು ಹಿಂದಿನ ಸಾಲಿನಲ್ಲಿ ಕೂತಳು. ಈ ಸಲವೂ ಮುಂಗಡ ಪಡೆದಿದ್ದ ವಾದಿರಾಜರು ಹೊತ್ತಿಗೆ ಸರಿಯಾಗಿ ಬಂದರು, ಹೊತ್ತಿಗೆ ಸರಿಯಾಗಿ ಕೂತರು, ಹೊತ್ತಿಗೆ ಸರಿಯಾಗಿ ಎದ್ದರು. ಹಾಲೇಶ ಮುಂದಿನ ಸಾಲು ನೋಡುತ್ತ ನಿಂತ.

"ಒಂದು ಕಡೆಯಿಂದ ನೋಡಿದರೆ," ಎಂದು ವಾದಿರಾಜರು ಒಂದು ಕಡೆಯನ್ನು ಪೂರ್ತಿ ಹೇಳಿದರು. "ಇನ್ನೊಂದು ಕಡೆಯಿಂದ ನೋಡಿದರೆ," ಅಂದರು. ಮುಂದಿನ ಸಾಲಿನ ಒಬ್ಬ ತೊಗರಿ ವ್ಯಾಪಾರಿಯ ಕಣ್ಣು ಮುಚ್ಚಿತು.

ಶಾಲು! ಹಾರ! ಬುಟ್ಟಿ!

"ಇನ್ನೊಂದೇ ಮಾತು..." ಅಂದರು ವಾದಿರಾಜರು. ಹಾಲೇಶ ಕೇಳಲಿಲ್ಲ. ಕೈ ಹಿಡಿದು ಇಳಿಸಿದ, ಓಮ್ನಿ, ಸ್ಟೇಷನ್ನು, ಕಿಟಕಿ ಪಕ್ಕದ ಸೀಟು. ಗಾಡಿ ಹೊರಟ ಮೇಲೆ ವಾಪಸು ಬಂದ.

ಬಂದರೆ ಸಭೆಯಲ್ಲಿ ಆನಂದ. ದೇಶದ ಆರ್ಥಿಕತೆಯ ಒಂದೇ ಕಡೆ ಕೇಳಿ, ವರ್ತಕರಿಗೆ ಮೊದಲ ಸಲ ಅದು ಅರ್ಥವಾಗಿತ್ತು. ಹೋಳಿಗೆ ಇನ್ನೂ ಬಿಸಿಯಾಗಿತ್ತು. ರುದ್ರಮುನಿಯಪ್ಪನವರು ಹಾಲೇಶನ ಬೆನ್ನು ತಟ್ಟಿದರು.

"ಭೇಷ್ ಮಗಾ! ಇಷ್ಟು ವರ್ಷಕ್ಕೆ ಒಬ್ಬ ಭಾಷಣಕಾರನ್ನ ಟೈಮಿಗೆ ನಿಲ್ಲಿಸಿದೋನು ನೀನೊಬ್ಬನೇ! ಎಲ್ಲಿ ನಿಮ್ಮವ್ವ? ವೇದಿಕೆಗೆ ಕರೀರಿ! ಎಲ್ಲರ ಎದುರಿಗೇ ಸಹಿ ಹಾಕಿ ಕೊಡ್ತೀನಿ!"

ಇಬ್ಬರು ಹಿಡಿದುಕೊಂಡು ಕೊಟ್ರಮ್ಮನನ್ನು ವೇದಿಕೆ ಹತ್ತಿಸಿದರು. ಮೇಜಿನ ಮೇಲೆ ಒಪ್ಪಂದದ ಕಾಗದ ಇತ್ತು. ರುದ್ರಮುನಿಯಪ್ಪನವರು ಜೇಬಿನಿಂದ ಪೆನ್ನು ತೆಗೆದರು. ಮುಚ್ಚಳವನ್ನೂ ತೆಗೆದರು. ಆಮೇಲೆ, ಅಧ್ಯಕ್ಷರಲ್ಲವೇ, ಸುಮ್ಮನೆ ಸಹಿ ಹಾಕಲು ಮನಸ್ಸು ಬರಲಿಲ್ಲ.

"ಮೊದಲು ಎರಡು ಮಾತು ಆಡಮ್ಮ."

ಕೊಟ್ರಮ್ಮ ಮೈಕ್ ಹಿಡಿದಳು. ಜೀವಮಾನವೆಲ್ಲ ಬೇರೆಯವರಿಗೆ ಹಿಡಿದುಕೊಟ್ಟ ಮೈಕು.

"ನಮ್ಮೆಜಮಾನರು ಇದೇ ಹಾಲ್‌ನಲ್ಲಿ ಕುರ್ಚಿ ಹಾಕ್ತಿದ್ರು. ಸಭೆ ಮುಗಿದ ಮೇಲೆ ಕೊನೇ ಕುರ್ಚಿ ಮೇಲೆ ಕೂತು ಬುತ್ತಿ ಉಣ್ತಿದ್ರು. ನನ್ನ ಮಗ ಏನಾಗ್ತಾನೋ ಅಂತ ನನಗೆ ನಿದ್ದೆ ಇರಲಿಲ್ಲ. ಇವತ್ತು..."

ಮುಂದಿನ ಸಾಲಿನಲ್ಲಿ ಅವಳ ಗಂಡನನ್ನು ಕಂಡಿದ್ದ ಒಬ್ಬ ವಯಸ್ಸಾದ ವರ್ತಕರಿದ್ದರು. ಅವರಿಗೆ ಎದೆ ತುಂಬಿಬಂತು. ಕಣ್ಣು ಮುಚ್ಚಿಕೊಂಡರು.

ಹಾಲೇಶ ನೋಡಿದ.

ಕಾಳುಕಡ್ಡಿಯವರು ಶಾಲು, ಹಾರ, ಬುಟ್ಟಿ ಯಾವಾಗಲೂ ಒಂದೆರಡು ಹೆಚ್ಚಿಗೆ ತರಿಸಿರುತ್ತಾರೆ, ಕರೆಯದೆಯೂ ಯಾರಾದರೂ ಶಾಸಕರು ಬಂದರೆ ಅಂತ. ಶಾಲು ಬಿತ್ತು. ಹಾರ ಬಿತ್ತು. ಬುಟ್ಟಿ ಕೈಗೆ ಬಂತು.

"ಏ ಹಾಲೇಶ! ಏನೋ ಇದು?"

ಸಭೆ, ಮಗ ತಾಯಿಗೆ ಸನ್ಮಾನ ಮಾಡುತ್ತಿದ್ದಾನೆಂದು ಎದ್ದು ನಿಂತು ಚಪ್ಪಾಳೆ ತಟ್ಟಿತು. ಮಂಡಿ ನೋವಿನವಳು, ಕೈ ಹಿಡಿದರೂ ಇಳಿಯಲಾರಳು. ಹಾಲೇಶ ಎತ್ತಿಕೊಂಡೇ ಇಳಿದ.

"ಬಿಡೋ! ಸಹಿ ಆಗಿಲ್ವೋ! ಒಂದು ಮಾತು ಕೇಳೋ, ಒಂದೇ ಮಾತು!"

ಎಲ್ಲರೂ ಅಂತಾರೆ ಅಂತ ಅವ್ವ ಹೇಳಿದ್ದಳು. ಹಾಲೇಶ ಹಲ್ಲು ಕಚ್ಚಿ ನಡೆದ. ಅವ್ವನ ಮಾತನ್ನು ಮೀರಬೇಕೆಂದು ಅವನಿಗೆ ಅವತ್ತು ಮೊದಲ ಸಲ ಅನ್ನಿಸಿತು, ಯಾಕೆಂದರೆ ಕೂಗುತ್ತಿದ್ದವಳು ಅವ್ವನೇ. ಯಾವ ಅವ್ವನ ಮಾತು ಕೇಳಬೇಕು? ನಿಧಾನವಾಗಿ ಹೇಳಿದ ಅವ್ವನದೇ, ಕಿರುಚಿ ಹೇಳುತ್ತಿರುವ ಅವ್ವನದೇ? ನಿಧಾನವಾಗಿ ಹೇಳಿದ್ದೇ ಗಟ್ಟಿ ಅಂದುಕೊಂಡ.

ಓಮ್ನಿ. ಸ್ಟೇಷನ್ನು. ಹಾರ ಹಾಕಿಕೊಂಡವರನ್ನು ಕಂಡು ಪ್ಲಾಟ್‌ಫಾರಂ ಜನ ದಾರಿ ಬಿಟ್ಟರು.

ಹಾಲೇಶ ಭವನಕ್ಕೆ ವಾಪಸು ಬಂದಾಗ ರುದ್ರಮುನಿಯಪ್ಪನವರು ಇನ್ನೂ ವೇದಿಕೆಯ ಮೇಲೆ, ಮುಚ್ಚಳ ತೆಗೆದ ಪೆನ್ನು ಹಿಡಿದುಕೊಂಡು ನಿಂತಿದ್ದರು. ಹೋಳಿಗೆ ಆರಿತ್ತು.

"ನಿಮ್ಮವ್ವ ಎಲ್ಲೋ?"

"ಹೊರಟಳು ಅಧ್ಯಕ್ಷರೇ. ಕಿಟಕಿ ಪಕ್ಕಾನೇ ಸೀಟು ಸಿಕ್ತು. ಗಾಡಿ ಹೊರಡೋವರೆಗೂ ನಿಂತಿದ್ದೆ."

"ಯಾವ ಊರಿನ ಗಾಡಿಗೋ ಹತ್ತಿಸಿದೆ?"

ಹಾಲೇಶ ನಿಂತಲ್ಲೇ ತಲೆ ಕೆರೆದುಕೊಂಡ. ಮೊದಲಿನಿಂದ ಕೊನೆಯವರೆಗೆ ಎಲ್ಲವನ್ನೂ ನೆನೆಸಿಕೊಂಡ.

"ಅದನ್ನ ಅವ್ವ ಹೇಳಿರಲಿಲ್ಲ."